ಕಣ್ಣಿಗೆ ಕಾಣದ ದೋಷವೂ ಅದನ್ನರಿಯುವ ಯಂತ್ರವೂ

(ಶ್ರೀಮಠದ ಜ್ಯೂಬಿಲಿ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ನಡೆದ ಉಪನ್ಯಾಸ)



ಮಠದ ಮಹೋತ್ಸವವೆಂದರೆ ಪಲ್ಲಕ್ಕಿಯ ಮೆರವಣಿಗೆಯೂ ಪ್ರಸಾದದ ಪಂಕ್ತಿಯೂ ಮಾತ್ರವೇ ಅಲ್ಲ. ಕಳೆದ ಕಾಲದ ಲೆಕ್ಕವನ್ನು ನೋಡಿ ಮುಂದಿನ ಕಾಲದ ಕರ್ತವ್ಯವನ್ನು ಗೊತ್ತುಮಾಡಿಕೊಳ್ಳುವುದೂ ಅದರ ಒಂದು ಅಂಗವೇ ಆಗಿರುವುದು. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯವರಿಗೆ ಅಂತಹ ಕರ್ತವ್ಯಗಳಲ್ಲಿ ಮೊದಲನೆಯದು ನೀರಿನದು. ಸೊನ್ನಲಿಗೆಯ ಸಿದ್ಧರಾಮೇಶ್ವರನು ಕೆರೆಯನ್ನು ಕಟ್ಟಿಸಿ ಯೋಗವನ್ನೂ ಲೋಕೋಪಕಾರವನ್ನೂ ಒಂದುಗೂಡಿಸಿದನು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯೂ ಈ ಬರಡು ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದನೆಂದು ಸ್ಥಳದ ಜನರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಆ ಮಹನೀಯರ ಕಾಲದಲ್ಲಿ ಇದ್ದ ಪ್ರಶ್ನೆ ನೀರು ಉಂಟೋ ಇಲ್ಲವೋ ಎಂಬುದು. ಈಗಿನ ಕಾಲದಲ್ಲಿ ಅದರೊಡನೆ ಇನ್ನೊಂದು ಪ್ರಶ್ನೆಯೂ ಹುಟ್ಟಿಕೊಂಡಿದೆ. ಇರುವ ನೀರಿನಲ್ಲಿ ಏನುಂಟು ಎಂಬುದೇ ಅದು. ಮೊದಲನೆಯದಕ್ಕೆ ಕಣ್ಣೇ ಉತ್ತರವನ್ನು ಕೊಡಬಲ್ಲುದು. ಎರಡನೆಯದಕ್ಕೆ ಕಣ್ಣು ಸಾಲದು, ಮೂಗು ಸಾಲದು, ನಾಲಗೆಯೂ ಸಾಲದು. ಅಲ್ಲಿ ಇಂದ್ರಿಯಗಳಿಗೆ ಸಹಾಯಕವಾಗಿ ಬಂದಿರುವುದೇ ಸಂವೇದಕವೆಂಬ ಯಂತ್ರವು. ಜನರ ರೂಢಿಯಲ್ಲಿ ಅದನ್ನು ಸೆನ್ಸರ್ ಎನ್ನುವರು. ಅದರ ಸ್ವರೂಪವನ್ನೂ, ಉಪಯೋಗವನ್ನೂ, ಅದರ ಮಿತಿಯನ್ನೂ ವಿವರಿಸುವುದೇ ಈ ಉಪನ್ಯಾಸದ ಉದ್ದೇಶವು.

ಮೊದಲು ಈ ಸೀಮೆಯ ಭೂಮಿಯನ್ನು ನೋಡಬೇಕು. ಕರ್ನಾಟಕದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆಯೂ ಮೊಳಕಾಲ್ಮೂರೂ ನಿಲ್ಲುತ್ತವೆ. ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಅದೂ ನಂಬಿಕೆಗೆ ತಕ್ಕುದಲ್ಲ. ವೇದಾವತಿಯೂ ಚಿನ್ನಹಗರಿಯೂ ವರ್ಷದ ಬಹುಭಾಗ ಮರಳನ್ನೇ ಹೊತ್ತಿರುತ್ತವೆ. ಹಿಂದೆ ತೆರೆದ ಬಾವಿಗಳಲ್ಲಿ ನೀರು ದೊರೆಯುತ್ತಿತ್ತು. ಅವು ಬತ್ತಿದ ಮೇಲೆ ಕೊಳವೆ ಬಾವಿಗಳು ಬಂದವು; ಕೊಳವೆ ಬಾವಿಗಳೂ ಬತ್ತಲು, ಇನ್ನೂ ಆಳವಾದ ಕೊಳವೆ ಬಾವಿಗಳು ಬಂದವು. ಆಳಕ್ಕೆ ಇಳಿದಂತೆಲ್ಲ ಸಿಕ್ಕಿದುದು ಬಹುಕಾಲದಿಂದ ಬಂಡೆಯ ಸಂದುಗಳಲ್ಲಿ ನಿಂತಿದ್ದ ನೀರು. ಕಣಶಿಲೆಯೇ ಮೊದಲಾದ ಈ ಬಂಡೆಗಳಲ್ಲಿ ಫ್ಲೋರೈಡ್ ಎಂಬ ಲವಣವನ್ನೊಳಗೊಂಡ ಖನಿಜಗಳುಂಟು. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರಿನಲ್ಲಿ ಕ್ಷಾರವು ಹೆಚ್ಚು, ಸುಣ್ಣದ ಅಂಶವು ಕಡಿಮೆ ಎಂಬ ಪರಿಸ್ಥಿತಿಯಲ್ಲಿ ಆ ಫ್ಲೋರೈಡು ಕಲ್ಲನ್ನು ಬಿಟ್ಟು ನೀರನ್ನು ಸೇರುತ್ತದೆ. ಚಿತ್ರದುರ್ಗ ಜಿಲ್ಲೆಯ ಈ ಭಾಗದಲ್ಲಿಯೂ ನೆರೆಯ ಪಾವಗಡದಲ್ಲಿಯೂ ಈ ದೋಷವು ಹಲವು ಗ್ರಾಮಗಳ ಕೊಳವೆ ಬಾವಿಗಳಲ್ಲಿ ಕಂಡುಬಂದಿರುವುದು.

ಫ್ಲೋರೈಡು ಸ್ವಲ್ಪ ಪ್ರಮಾಣದಲ್ಲಿದ್ದರೆ ಹಲ್ಲಿಗೆ ಹಿತವನ್ನೇ ಮಾಡುವುದು. ಮಿತಿಮೀರಿದರೆ ಅದೇ ವಿಷವಾಗುವುದು. ಭಾರತದ ಮಾನಕ ಸಂಸ್ಥೆಯು ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮ್ ಇರಬಹುದೆಂದೂ, ಬೇರೆ ನೀರು ಇಲ್ಲದ ಕಡೆ ಹೆಚ್ಚೆಂದರೆ 1.5 ಮಿಲಿಗ್ರಾಮಿನವರೆಗೆ ಸೈರಿಸಬಹುದೆಂದೂ ಗೊತ್ತುಮಾಡಿದೆ. ಅದನ್ನು ಮೀರಿದ ನೀರನ್ನು ಬೆಳೆಯುವ ಮಕ್ಕಳು ಕುಡಿದರೆ, ಹುಟ್ಟಲಿರುವ ಹಲ್ಲುಗಳ ಮೇಲೆ ಬಿಳಿಯ, ಹಳದಿಯ, ಕಂದಿನ ಗೆರೆಗಳು ಮೂಡುತ್ತವೆ. ಇನ್ನೂ ಹೆಚ್ಚಾದ ನೀರನ್ನು ಬಹು ವರ್ಷ ಕುಡಿದವರಿಗೆ ಕೀಲುಗಳು ಬಿಗಿಯುತ್ತವೆ. ಕತ್ತು ತಿರುಗದು, ಬೆನ್ನು ಬಗ್ಗದು, ಕಾಲುಗಳು ಡೊಂಕಾಗುವುದೂ ಉಂಟು. ದನಕರುಗಳಿಗೂ ಈ ಬಾಧೆಯು ತಪ್ಪಿದುದಲ್ಲ. ಒಮ್ಮೆ ಎಲುಬಿನಲ್ಲಿ ನೆಲೆಸಿದ ಈ ರೋಗವನ್ನು ಪೂರ್ಣವಾಗಿ ಹಿಂದಿರುಗಿಸುವ ಔಷಧವಿಲ್ಲ. ಬಾರದಂತೆ ತಡೆಯುವುದೊಂದೇ ಉಪಾಯವು.

ಈ ರೋಗದ ಕ್ರೌರ್ಯವು ಅದರ ಮೌನದಲ್ಲಿದೆ. ನೀರು ತಿಳಿಯಾಗಿರುತ್ತದೆ, ವಾಸನೆಯಿಲ್ಲ, ರುಚಿಯಲ್ಲಿ ಭೇದವಿಲ್ಲ. ನಲವತ್ತು ವರ್ಷಕ್ಕೇ ಬೆನ್ನು ಬಿಗಿದುಕೊಂಡ ಕೂಲಿಯವನು ಅದನ್ನು ದುಡಿಮೆಯ ಆಯಾಸವೆಂದು ತಿಳಿಯುವನು. ಹಲ್ಲು ಕಂದಿದ ಹೆಣ್ಣುಮಗಳು ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವಳು. ಮನೆಯವರು ಅದನ್ನು ವಂಶದ ಗುಣವೆನ್ನುವರು. ಇನ್ನು ಕೆಲವರು ಹಿಂದಿನ ಕರ್ಮವೆಂದು ಹೇಳಿ ಸುಮ್ಮನಾಗುವರು. ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿಯೂ ಮುದುಕರಂತೆ ಬಗ್ಗಿದ ಜನರಿದ್ದರು. 1937ರಲ್ಲಿ ಷಾರ್ಟ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ಅದು ಬಾವಿಯ ನೀರಿನ ಫ್ಲೋರೈಡಿನಿಂದ ಬಂದ ರೋಗವೆಂದು ಪ್ರಕಟಿಸಿದರು. ಭಾರತದಲ್ಲಿ ಮನುಷ್ಯರ ಈ ವ್ಯಾಧಿಯ ಮೊದಲ ವರದಿಯೇ ಅದು. ರೋಗವು ಹಳೆಯದೇ, ಅಳೆದವರು ದೊರೆತುದು ಆಗ.

ಸಂವೇದಕವೆಂದರೇನು? ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 2020ರಲ್ಲಿಯೂ 2021ರಲ್ಲಿಯೂ ಕೊರೋನಾ ವ್ಯಾಧಿಯು ಹಬ್ಬಿದ ದಿನಗಳಲ್ಲಿ ಬೆರಳಿಗೆ ಸಿಕ್ಕಿಸುವ ಒಂದು ಸಣ್ಣ ಯಂತ್ರವನ್ನು ಹಳ್ಳಿಹಳ್ಳಿಯವರೂ ಕಂಡರು. ಅದು ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಾಯಿಸುತ್ತದೆ. ಪ್ರಾಣವಾಯುವನ್ನು ಹೊತ್ತ ರಕ್ತವೂ ಹೊರದ ರಕ್ತವೂ ಈ ಎರಡು ಬೆಳಕುಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುವುದರಿಂದ, ಉಳಿದು ಹೊರಬಂದ ಬೆಳಕನ್ನು ನೋಡಿ ರಕ್ತದ ಪ್ರಾಣವಾಯುವನ್ನು ಲೆಕ್ಕಹಾಕುತ್ತದೆ. ಜಪಾನಿನ ತಾಕುವೊ ಅಯೋಯಾಗಿ ಎಂಬಾತನು 1974ರಲ್ಲಿ ಈ ತತ್ತ್ವವನ್ನು ಪ್ರಕಟಿಸಿದನು. ಎಲ್ಲ ಸಂವೇದಕಗಳ ರೀತಿಯೂ ಇದೇ. ಹೊರಗಿನ ವಸ್ತುವಿಗೆ ಮಿಡಿಯುವ ಒಂದು ಭಾಗ, ಆ ಮಿಡಿತವನ್ನು ವಿದ್ಯುತ್ತಿನ ಸಂಜ್ಞೆಯಾಗಿ ಮಾರ್ಪಡಿಸುವ ಒಂದು ಭಾಗ, ಆ ಸಂಜ್ಞೆಯನ್ನು ಅಂಕಿಯಾಗಿ ತೋರಿಸುವ ಒಂದು ಭಾಗ, ಹೀಗೆ ಮೂರು ಅಂಗಗಳು ಅದಕ್ಕುಂಟು.

ನೀರಿನ ಫ್ಲೋರೈಡನ್ನು ಅಳೆಯುವ ಸಂವೇದಕವನ್ನು ಅಮೇರಿಕೆಯ ಫ್ರಾಂಟ್ ಮತ್ತು ರಾಸ್ ಎಂಬ ಇಬ್ಬರು ವಿಜ್ಞಾನಿಗಳು 1966ರಲ್ಲಿ ಪ್ರಕಟಪಡಿಸಿದರು. ಅದರ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಒಂದು ಸ್ಫಟಿಕದ ಬಿಲ್ಲೆಯಿರುವುದು. ಆ ಸ್ಫಟಿಕದ ರಚನೆಯಲ್ಲಿರುವ ತೆರವುಗಳಲ್ಲಿ ಫ್ಲೋರೈಡಿನ ಕಣಗಳು ಮಾತ್ರ ಸಂಚರಿಸಬಲ್ಲವು. ಮಠದ ಬಾಗಿಲಲ್ಲಿ ಗುರುತು ಹಿಡಿದು ಒಳಗೆ ಬಿಡುವ ಕಾವಲುಗಾರನಂತೆ ಅದು ತನ್ನವರನ್ನು ಮಾತ್ರ ಬರಮಾಡಿಕೊಳ್ಳುತ್ತದೆ. ಬಿಲ್ಲೆಯ ಒಂದು ಪಕ್ಕದಲ್ಲಿ ಗೊತ್ತಾದ ಪ್ರಮಾಣದ ಫ್ಲೋರೈಡ್ ದ್ರವವೂ ಇನ್ನೊಂದು ಪಕ್ಕದಲ್ಲಿ ಪರೀಕ್ಷೆಯ ನೀರೂ ಇದ್ದಾಗ, ಎರಡಕ್ಕೂ ಇರುವ ಅಂತರಕ್ಕೆ ತಕ್ಕಂತೆ ಸ್ವಲ್ಪ ವಿದ್ಯುತ್ ಒತ್ತಡವು ಹುಟ್ಟುತ್ತದೆ. ನೀರಿನ ಫ್ಲೋರೈಡು ಹತ್ತರಷ್ಟು ವ್ಯತ್ಯಾಸವಾದರೆ ಆ ಒತ್ತಡವು 25 ಡಿಗ್ರಿ ಉಷ್ಣದಲ್ಲಿ ಸುಮಾರು 59 ಮಿಲಿವೋಲ್ಟಿನಷ್ಟು ಬದಲಾಗುವುದು. ಇದಲ್ಲದೆ, ನೀರಿಗೆ ಬಣ್ಣದ ದ್ರವವನ್ನು ಬೆರೆಸಿ, ಬಣ್ಣವು ಎಷ್ಟು ಮಾಸಿತೆಂಬುದರಿಂದ ಫ್ಲೋರೈಡನ್ನು ಅಂದಾಜುಮಾಡುವ ಸುಲಭದ ಪೆಟ್ಟಿಗೆಗಳೂ ಉಂಟು. 2019ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯಲ್ಲಿ ಇಂತಹ ಪೆಟ್ಟಿಗೆಗಳಿಂದ ನೀರನ್ನು ಪರೀಕ್ಷಿಸುವುದನ್ನು ಪ್ರತಿ ಗ್ರಾಮದಲ್ಲಿಯೂ ಐವರು ಸ್ತ್ರೀಯರಿಗೆ ಕಲಿಸಬೇಕೆಂಬ ನಿಯಮವಿರುವುದು. ನೀರನ್ನು ಹೊತ್ತು ತಂದವರ ಕೈಗೇ ನೀರಿನ ಪರೀಕ್ಷೆಯೂ ಬಂದುದು ಯುಕ್ತವಾದುದೇ ಸರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಉಪನ್ಯಾಸವು ಅಪೂರ್ಣವಾಗುವುದು. ಈಚೆಗೆ ಲೇಖನಿಯಷ್ಟು ಉದ್ದದ ಟಿ.ಡಿ.ಎಸ್. ಮೀಟರನ್ನು ನೀರಿನಲ್ಲಿ ಅದ್ದಿ, ಅಂಕಿ ಕಡಿಮೆ ಬಂದರೆ ನೀರು ಶುದ್ಧವೆಂದು ತೀರ್ಮಾನಿಸುವ ಪದ್ಧತಿಯು ಬೆಳೆದಿದೆ. ಆ ಯಂತ್ರವು ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಸುಲಭವಾಗಿ ಹಾಯಗೊಡುತ್ತದೆಂಬುದನ್ನು; ಅದರಿಂದ ಕರಗಿರುವ ಎಲ್ಲ ಲವಣಗಳ ಒಟ್ಟು ಮೊತ್ತವನ್ನು ಅದು ಅಂದಾಜುಮಾಡುತ್ತದೆ. ಲೀಟರಿಗೆ 400 ಮಿಲಿಗ್ರಾಮ್ ಲವಣವಿರುವ ನೀರಿನಲ್ಲಿ ಫ್ಲೋರೈಡು ಅರ್ಧ ಮಿಲಿಗ್ರಾಮಿದ್ದರೂ ಮೂರು ಮಿಲಿಗ್ರಾಮಿದ್ದರೂ ಆ ಮೀಟರಿಗೆ ಭೇದವು ತಿಳಿಯದು. ಸಂತೆಗೆ ಬಂದ ಜನರ ಲೆಕ್ಕವನ್ನು ಹೇಳಬಲ್ಲವನು ಅವರಲ್ಲಿ ಕಳ್ಳನಾರೆಂದು ಹೇಳಲಾರನು. ಗ್ರಾಮಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ಪೊರೆಯು ಸರಿಯಾಗಿ ಕೆಲಸಮಾಡುತ್ತಿದೆಯೇ ಎಂದು ದಿನದಿನವೂ ನೋಡುವುದಕ್ಕೆ ಈ ಮೀಟರು ಉಪಯುಕ್ತವು. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆಂಬ ಸಾಕ್ಷಿಗೆ ಇದು ಯೋಗ್ಯವಲ್ಲ. ನೀರನ್ನು ಕುದಿಸಿದರೆ ಸಾಕೆಂಬ ನಂಬಿಕೆಯೂ ಇಂತಹುದೇ. ಕುದಿಸುವುದರಿಂದ ಕ್ರಿಮಿಗಳು ಸಾಯುವುವು, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆಯು ಹೆಚ್ಚುವುದು.

ನೆಲದೊಳಗಿನ ನೀರಿಗೆ ಈ ದೋಷವಿದ್ದರೂ ಆಕಾಶದಿಂದ ಬೀಳುವ ನೀರಿಗೆ ಇಲ್ಲ. ಮಳೆಯನ್ನು ಅಳೆಯುವ ವಿದ್ಯೆಯು ಈ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಮುಂದೆ ಒಂದು ಮೊಳ ಬಾಯಗಲದ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯುಂಟು. ಇಂದಿನ ಯಂತ್ರದಲ್ಲಿ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ಗೊತ್ತಾದ ಅಳತೆಯಷ್ಟು ತುಂಬಿದ ಕೂಡಲೆ ವಾಲಿ ನೀರನ್ನು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿಯೊಂದು ವಾಲಿಕೆಯೂ ಒಂದು ಸಂಜ್ಞೆಯಾಗಿ ಎಣಿಸಲ್ಪಡುತ್ತದೆ. 1988ರಲ್ಲಿ ಬರಗಾಲದ ಪರಿಶೀಲನೆಗಾಗಿ ಸ್ಥಾಪಿತವಾಗಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಬೆಳೆದ ಸಂಸ್ಥೆಯು ಗ್ರಾಮಪಂಚಾಯಿತಿಗಳ ಮಟ್ಟದಲ್ಲಿ ಇಂತಹ ಮಳೆಮಾಪಕಗಳನ್ನು ನೆಟ್ಟಿದೆ. ಅವು ಬಿಸಿಲಿನ ಶಕ್ತಿಯಿಂದ ನಡೆದು, 15 ನಿಮಿಷಕ್ಕೊಮ್ಮೆ ಲೆಕ್ಕವನ್ನು ಬೆಂಗಳೂರಿಗೆ ತಾವೇ ಕಳುಹಿಸುವುವು. ಮೊದಲು ತಾಲ್ಲೂಕು ಕಚೇರಿಯ ಒಂದು ಮಾಪಕದಲ್ಲಿ ಮಳೆ ಬಂದರೆ ಇಡೀ ತಾಲ್ಲೂಕಿಗೆ ಬಂದಂತೆ ಲೆಕ್ಕವಾಗುತ್ತಿತ್ತು. ಒಂದು ಹೊಲಕ್ಕೆ ಬಂದ ಮಳೆ ಮಗ್ಗುಲ ಹೊಲಕ್ಕೆ ಬಾರದ ಈ ಸೀಮೆಯಲ್ಲಿ, ಶೇಂಗಾ ಬಿತ್ತಿ ಬೆಳೆ ಕಳೆದುಕೊಂಡ ರೈತನಿಗೆ ಹತ್ತಿರದ ಮಾಪಕವೇ ನ್ಯಾಯದ ಸಾಕ್ಷಿಯಾಗಿರುವುದು.

ಆ ಮಳೆಯ ಲೆಕ್ಕದಿಂದ ಮನೆಯ ಲೆಕ್ಕವನ್ನೂ ಮಾಡಬಹುದು. ಐವರು ಇರುವ ಸಂಸಾರದಲ್ಲಿ ಕುಡಿಯುವುದಕ್ಕೂ ಅಡಿಗೆಗೂ ತಲೆಗೆ ದಿನಕ್ಕೆ 5 ಲೀಟರಿನಂತೆ ಹಿಡಿದರೆ 25 ಲೀಟರಾಯಿತು. ವರ್ಷಕ್ಕೆ 9,125 ಲೀಟರು. ಕೇವಲ 30 ಚದರ ಮೀಟರಿನ ತಾರಸಿಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ 15,000 ಲೀಟರ್ ನೀರಾಗುವುದು. ಐದರಲ್ಲೊಂದು ಪಾಲು ನಷ್ಟವಾದರೂ 12,000 ಲೀಟರು ಉಳಿಯುವುದು. ಬರಗಾಲ ಬಂದು 300 ಮಿಲಿಮೀಟರೇ ಬಿದ್ದರೂ 7,200 ಲೀಟರು ದೊರೆತು, ಒಂಬತ್ತು ತಿಂಗಳಿಗೆ ಮಿಕ್ಕ ಕಾಲ ಮಕ್ಕಳ ಹಲ್ಲೂ ಹಿರಿಯರ ಎಲುಬೂ ರಕ್ಷಿತವಾಗುವುವು. ಮಣ್ಣಿನ ಮಾಳಿಗೆಗೂ ಹುಲ್ಲಿನ ಸೂರಿಗೂ ಈ ಉಪಾಯವು ಒಗ್ಗದು. ತಾರಸಿ ಅಥವಾ ತಗಡಿನ ಮಾಡು ಇರಬೇಕು. ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಉಳಿದುದನ್ನು ಸೋಸಿ, ಬೆಳಕೂ ಸೊಳ್ಳೆಯೂ ಹೊಗದ ಮುಚ್ಚಿದ ತೊಟ್ಟಿಯಲ್ಲಿ ಕೂಡಿಡಬೇಕು. ತುಂಗಭದ್ರೆಯ ಹಿನ್ನೀರನ್ನು ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು ಮೊದಲಾದ ತಾಲ್ಲೂಕುಗಳ ಗ್ರಾಮಗಳಿಗೆ ಒದಗಿಸುವ ದೊಡ್ಡ ಯೋಜನೆಯೂ ಈ ರೋಗದ ನಿವಾರಣೆಗೆ ಕೈಗೊಂಡುದೇ ಆಗಿದೆ. ಆದರೆ ಹೊರಗಿನ ನದಿಯ ನೀರು ಬಂತೆಂದು ಸ್ವಂತ ಮಾಡಿನ ನೀರನ್ನು ಚರಂಡಿಗೆ ಬಿಡುವುದು ವಿವೇಕವಲ್ಲ.

ಗಾಳಿಯ ವಿಚಾರವೂ ಹೀಗೆಯೇ. ಚಳ್ಳಕೆರೆಯ ಸಮೀಪದ ಕುದಾಪುರದಲ್ಲಿ, 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು 1,500 ಎಕರೆಯಲ್ಲಿ ಹರಡಿದೆ. ಅಲ್ಲಿಯ ವಾಯುಗುಣ ವೀಕ್ಷಣಾಲಯದಲ್ಲಿ ಬಿಸಿಲಿನ ಪ್ರಮಾಣವೂ ಗಾಳಿಯಲ್ಲಿ ತೇಲುವ ಧೂಳು ಮಸಿಗಳ ಪ್ರಮಾಣವೂ ಅಳೆಯಲ್ಪಟ್ಟಿವೆ. ಗಾಳಿಯನ್ನು ಬಿಳಿಯ ಪಟ್ಟಿಯ ಮೂಲಕ ಎಳೆದು, ಅದು ಎಷ್ಟು ಕಪ್ಪಾಯಿತೆಂದು ಬೆಳಕಿನಿಂದ ನೋಡುವುದೇ ಮಸಿಯನ್ನು ಅಳೆಯುವ ಯಂತ್ರದ ತತ್ತ್ವವು. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣಗಳು ಪುಪ್ಪುಸದ ಆಳಕ್ಕೆ ಇಳಿಯಬಲ್ಲವು. ಒಂದು ಘನಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿಯು 40 ಮೈಕ್ರೋಗ್ರಾಮನ್ನು ಮೀರಬಾರದೆಂದು 2009ರ ಭಾರತದ ನಿಯಮವು; ಐದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸೂಚನೆಯು. ಈ ಕಣಗಳು ಪಟ್ಟಣದ ರಸ್ತೆಯಲ್ಲಿ ಮಾತ್ರವಲ್ಲ, ಸೌದೆಯ ಒಲೆಯಿರುವ ಅಡಿಗೆಮನೆಯಲ್ಲಿಯೂ ಹೇರಳವಾಗಿರುವುವು. ಹೊಗೆಗೂಡು ಇಲ್ಲದ ಒಲೆಯ ಮುಂದೆ ದಿನವೂ ಕುಳಿತ ತಾಯಿಯು ಬೀಡಿ ಸೇದದಿದ್ದರೂ ಹೊಗೆ ಕುಡಿದವಳೇ ಆಗುವಳು.

ಈ ಸಂಸ್ಥೆಗಳು ನೆಲೆಸಿರುವ ಭೂಮಿಯ ಪೂರ್ವಸ್ಥಿತಿಯನ್ನೂ ಮರೆಯಲಾಗದು. ಅದು ಅಮೃತಮಹಲ್ ಕಾವಲು; ಸುತ್ತಣ ಹಳ್ಳಿಗಳ ದನ ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು, ಕಂಬಳಿಯನ್ನು ನೇಯುವವರಿಗೆ ಉಣ್ಣೆಯನ್ನು ಕೊಡುತ್ತಿದ್ದ ನೆಲ. ಹಲವು ಸಂಸ್ಥೆಗಳಿಗೆ ಅದನ್ನು ಹಂಚಿದುದರ ಮೇಲೆ ಗ್ರಾಮಸ್ಥರ ಆಕ್ಷೇಪಣೆಯೆದ್ದು, ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ಊರಿನ ಹುಲ್ಲನ್ನು ಪಡೆದ ವಿದ್ಯೆಯು ಊರಿಗೆ ಏನನ್ನಾದರೂ ಹಿಂದಿರುಗಿಸಬೇಕೆಂಬುದು ನ್ಯಾಯವಾದ ಅಪೇಕ್ಷೆಯು. ಆ ಋಣವು ತೀರುವುದು ಹೊಗಳಿಕೆಯಿಂದಲ್ಲ. ಅಲ್ಲಿ ಅಳೆದ ಗಾಳಿಯ ಗುಣವು ಕನ್ನಡದ ಮಾತಿನಲ್ಲಿ ಹಳ್ಳಿಯ ಚಾವಡಿಗೆ ಮುಟ್ಟಿದಾಗಲೇ.

ಯಂತ್ರವು ಸರ್ವಜ್ಞನಲ್ಲವೆಂಬುದೂ ತಿಳಿದಿರಬೇಕು. ಬೆರಳಿಗೆ ಸಿಕ್ಕಿಸುವ ಯಂತ್ರವು ಕಪ್ಪು ಮೈಬಣ್ಣದವರಲ್ಲಿ ಕೆಲವು ಸಲ ನಿಜಕ್ಕಿಂತ ಹೆಚ್ಚಿನ ಪ್ರಾಣವಾಯುವನ್ನು ತೋರಿಸುತ್ತದೆಂದು 2020ರಲ್ಲಿ ಅಮೇರಿಕೆಯ ವೈದ್ಯರು ಪ್ರಕಟಿಸಿದರು. ಅಗ್ಗದ ಧೂಳುಮಾಪಕವು ತೇವದ ಗಾಳಿಯಲ್ಲಿ ಮಂಜಿನ ಹನಿಯನ್ನೂ ಧೂಳೆಂದು ಎಣಿಸೀತು. ಮಳೆಮಾಪಕದ ಬಾಯಲ್ಲಿ ಹಕ್ಕಿಯು ಗೂಡು ಕಟ್ಟಿದರೆ ಜಡಿಮಳೆಯಲ್ಲಿಯೂ ಸೊನ್ನೆಯೇ ಬರುವುದು. ಫ್ಲೋರೈಡಿನ ಸಂವೇದಕವನ್ನು ಗೊತ್ತಾದ ದ್ರವದಲ್ಲಿ ಅದ್ದಿ ಆಗಾಗ್ಗೆ ಸರಿನೋಡದಿದ್ದರೆ ಅದರ ಅಂಕಿಯೂ ದಾರಿ ತಪ್ಪುವುದು. ಅಂಗಡಿಯ ತಕ್ಕಡಿಗೆ ಮುದ್ರೆಯಿಲ್ಲದಿದ್ದರೆ ಗ್ರಾಹಕನು ಒಪ್ಪುವುದಿಲ್ಲ; ಮಕ್ಕಳು ಕುಡಿಯುವ ನೀರಿನ ತಕ್ಕಡಿಗೆ ಅಷ್ಟೂ ಪರೀಕ್ಷೆ ಬೇಡವೇ? ಮೊಳಕಾಲ್ಮೂರು ರೇಷ್ಮೆಯ ಸೀರೆಗೆ ಹೆಸರಾದ ಊರು. ರೇಷ್ಮೆಯ ಹುಳುವನ್ನು ಸಾಕುವವನು ಮನೆಯ ಉಷ್ಣವು 24ರಿಂದ 28 ಡಿಗ್ರಿಯೊಳಗಿದೆಯೇ, ತೇವವು ಸರಿಯಾಗಿದೆಯೇ ಎಂದು ಮಾಪಕವನ್ನು ನೋಡಿ ನೋಡಿ ಕಾಪಾಡುವನು. ಹುಳುವಿಗೆ ತೋರುವ ಈ ಜಾಗರೂಕತೆಯನ್ನು ಹೊಟ್ಟೆಯ ಮಗುವಿಗೂ ತೋರಿದರೆ ಅದು ಹೆಚ್ಚಾಗದು.

ಹೀಗಿರುವಲ್ಲಿ ಮಠಕ್ಕೂ ಭಕ್ತರಿಗೂ ಒದಗಿರುವ ಕಾರ್ಯವು ಸ್ಪಷ್ಟವಾಗಿದೆ. ದಾಸೋಹದ ಅಡಿಗೆಗೆ ಬಳಸುವ ನೀರನ್ನು ವರ್ಷಕ್ಕೆ ಎರಡಾವರ್ತಿ, ಬೇಸಗೆಯಲ್ಲಿಯೂ ಮಳೆಗಾಲವು ಕಳೆದ ಮೇಲೆಯೂ, ಪ್ರಯೋಗಾಲಯದಲ್ಲಿ ಪರೀಕ್ಷೆಮಾಡಿಸಿ, ಬಂದ ಅಂಕಿಯನ್ನು ಮಹಾದ್ವಾರದ ಹಲಗೆಯ ಮೇಲೆ ಬರೆಯಿಸಬಹುದು. ಅದನ್ನು ಕಂಡ ಭಕ್ತನು ತನ್ನ ಊರಿನ ಬಾವಿಯ ಅಂಕಿಯನ್ನು ಕೇಳುವನು. ವಿದ್ಯಾರ್ಥಿನಿಲಯದ ಮಕ್ಕಳಿಗೆ ಬಣ್ಣದ ಪೆಟ್ಟಿಗೆಯ ಪರೀಕ್ಷೆಯನ್ನು ಕಲಿಸಿದರೆ ಅವರೇ ತಮ್ಮ ಹಳ್ಳಿಗಳಿಗೆ ಪರೀಕ್ಷಕರಾಗುವರು. ಮಠದ ವಿಶಾಲವಾದ ತಾರಸಿಯು ಮಳೆನೀರಿನ ಮೊದಲ ಪಾಠಶಾಲೆಯಾಗಬಹುದು. ದೋಷವುಳ್ಳ ಬಾವಿಯನ್ನು ಮುಚ್ಚಬೇಕಾಗಿಲ್ಲ. ಅದಕ್ಕೆ ಕೆಂಪು ಬಣ್ಣವನ್ನು ಬಳಿದು, ಬಟ್ಟೆಗೂ ಪಾತ್ರೆಗೂ ಮಾತ್ರವೆಂದು ಬರೆದರೆ ಸಾಕು. ಊಟದಲ್ಲಿ ರಾಗಿ, ಹಾಲು, ನುಗ್ಗೆಸೊಪ್ಪು, ನೆಲ್ಲಿಕಾಯಿಗಳಿದ್ದರೆ ಸುಣ್ಣದ ಸತ್ತ್ವವೂ ಜೀವಸತ್ತ್ವವೂ ದೊರೆತು ದೇಹಕ್ಕೆ ಬಲವಾಗುವುದು. ಆದರೆ ಅವು ಒಳ್ಳೆಯ ನೀರಿನ ಸ್ಥಾನವನ್ನು ತುಂಬಲಾರವು. ಕಂದಿದ ಹಲ್ಲಿನ ಕನ್ಯೆಯನ್ನು ಹೀಯಾಳಿಸದಿರುವುದೂ ಈ ಕಾರ್ಯದ ಒಂದು ಭಾಗವೇ, ಏಕೆಂದರೆ ದೋಷವು ಅವಳದಲ್ಲ, ನೀರಿನದು.

ಶರಣರ ಮಾರ್ಗದಲ್ಲಿ ಅರಿವು ಕುರುಹು ಎಂಬೆರಡು ಮಾತುಗಳು ಚಿರಪರಿಚಿತವಾದುವು. ಕುರುಹನ್ನು ಹಿಡಿದು ಅರಿವನ್ನು ಮುಟ್ಟಬೇಕು. ಕುರುಹಿನಲ್ಲಿಯೇ ನಿಂತರೆ ಪ್ರಯೋಜನವಿಲ್ಲ. ಸಂವೇದಕವು ತೋರಿಸುವ ಅಂಕಿಯೂ ಒಂದು ಕುರುಹು ಮಾತ್ರ. ಎರಡೂವರೆ ಎಂಬ ಅಂಕಿಯನ್ನು ಕಂಡು ಅದನ್ನು ಕಡತದಲ್ಲಿಟ್ಟು ಕಟ್ಟಿದರೆ ಯಾವ ಮಗುವಿನ ಹಲ್ಲೂ ಉಳಿಯದು. ಆ ಅಂಕಿಯನ್ನು ಕಂಡವನು ಆ ಸಂಜೆಯೇ ಮನೆಯ ಕೊಡವನ್ನು ಬೇರೆ ನೀರಿಗೆ ಒಯ್ದರೆ ಕುರುಹು ಅರಿವಾಯಿತು. ನೆರೆಯವನ ಬಾಗಿಲಿಗೂ ಹೋಗಿ ಹೇಳಿದರೆ ಆ ಅರಿವು ದಾಸೋಹವಾಯಿತು. ಈ ಮಹೋತ್ಸವದಿಂದ ಮನೆಗೆ ಮರಳುವ ಪ್ರತಿಯೊಬ್ಬರೂ ಪ್ರಸಾದದೊಡನೆ ಒಂದು ಪ್ರಶ್ನೆಯನ್ನೂ ಕೊಂಡೊಯ್ಯಲಿ: ತಮ್ಮ ಮನೆಯ ಮಕ್ಕಳು ಕುಡಿಯುವ ನೀರಿನ ಅಂಕಿಯೆಷ್ಟು? ಅದರ ಉತ್ತರವನ್ನು ಹುಡುಕುವ ಶಕ್ತಿಯನ್ನೂ, ಉತ್ತರವು ದೊರೆತ ಮೇಲೆ ನಡೆಯುವ ಬುದ್ಧಿಯನ್ನೂ ಶ್ರೀಗುರುವು ಎಲ್ಲರಿಗೂ ಕರುಣಿಸಲಿ.